ಮುರಿದ ವಾಲ್ವಿನ ತುಂಡು ಎಲ್ಲಿ ಹೋಯಿತು?

ಪ್ರಶ್ನೆ: ನನ್ನದು ಆರು ಸಿಲಿಂಡರಿನ, 5.9 ಲೀಟರಿನ ಟರ್ಬೊ ಡೀಸೆಲ್ ಎಂಜಿನ್ ಇರುವ ಹಳೆಯ ಲಾರಿ. ಕಳೆದ ತಿಂಗಳು ಮೆಕ್ಕೆಜೋಳ ಹೇರಿಕೊಂಡು ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವಾಗ ಎಂಜಿನ್ನಿನೊಳಗೆ ಢಬ್ಬೆಂದು ಸದ್ದಾಗಿ, ಆಮೇಲೆ ಸುತ್ತಿಗೆಯಿಂದ ಬಡಿದಂತೆ ಕೇಳಿಸತೊಡಗಿತಂತೆ. ಡ್ರೈವರ್ ಅರ್ಧ ಕಿ.ಮೀ. ಇಳಿಸಿ, ಜಾಗ ಸಿಕ್ಕಲ್ಲಿ ನಿಲ್ಲಿಸಿದ. ಹೆಡ್ ಬಿಚ್ಚಿದಾಗ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ತಲೆ ಮುರಿದಿತ್ತು, ಪಿಸ್ಟನ್ನಿನ ಮೇಲ್ಭಾಗ ಚೂರಾಗಿತ್ತು. ಬೇರೆ ಎರಡು ಸಿಲಿಂಡರುಗಳ ವಾಲ್ವ್ ತೆರೆಯಿಸುವ ಪುಶ್ ರಾಡುಗಳೂ ಬಾಗಿದ್ದವು. ಒಬ್ಬ ಮೇಸ್ತ್ರಿ ಹೆಡ್ ಕೆಲಸ ಮಾಡಿಸಿ ಒಂದು ಪಿಸ್ಟನ್ ಹಾಕಿದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ಎಂಜಿನ್ನನ್ನೇ ಇಳಿಸಿ ಪೂರ್ತಿ ಬಿಚ್ಚಬೇಕು ಎನ್ನುತ್ತಾರೆ. ಖರ್ಚಿನಲ್ಲಿ ಬಹಳ ಅಂತರವಿದೆ. ಯಾರ ಮಾತು ಕೇಳಲಿ?
– ಹಾಸನ ಜಿಲ್ಲೆಯ ಲಾರಿ ಮಾಲೀಕರು

ಉತ್ತರ: ಎರಡನೆಯ ಮೇಸ್ತ್ರಿಯ ಮಾತು ಸರಿ. ಮೊದಲನೆಯವರು ಮುರಿದದ್ದನ್ನು ಮಾತ್ರ ನೋಡಿದ್ದಾರೆ, ಮುರಿದ ತುಂಡುಗಳು ಎಲ್ಲಿ ಹೋದವು ಎಂಬುದನ್ನು ವಿಚಾರಿಸಿಲ್ಲ. ಉಕ್ಕಿನ ವಾಲ್ವ್ ತಲೆ, ಅಲ್ಯೂಮಿನಿಯಂ ಪಿಸ್ಟನ್ನಿನ ಚೂರು, ಹೆಡ್ಡಿನಿಂದ ಕಿತ್ತ ಬೀಡುಕಬ್ಬಿಣ, ಇವುಗಳಲ್ಲಿ ಎಷ್ಟು ಕೈಗೆ ಸಿಕ್ಕಿತು, ಉಳಿದದ್ದು ಯಾವ ದಾರಿ ಹಿಡಿಯಿತು ಎಂಬ ಲೆಕ್ಕ ಮುಗಿಯುವ ತನಕ ಒಂದು ಬೋಲ್ಟನ್ನೂ ಮರಳಿ ಬಿಗಿಯಬೇಡಿ.

ಮೊದಲು, ಆದದ್ದೇನು ಎಂಬುದನ್ನು ನೋಡೋಣ. ಡೀಸೆಲ್ ಎಂಜಿನ್ನಿನ ಗವರ್ನರ್ ಎಂಜಿನ್ ತನ್ನ ಬಲದಿಂದ ತಿರುಗುವಾಗ ವೇಗ ಮಿತಿ ಮೀರದಂತೆ ಇಂಧನವನ್ನು ಕತ್ತರಿಸುತ್ತದೆ. ಆದರೆ ಇಳಿಜಾರಿನಲ್ಲಿ ಭಾರದ ಲಾರಿಯೇ ಚಕ್ರಗಳ ಮೂಲಕ, ಗೇರ್ ಬಾಕ್ಸಿನ ಮೂಲಕ ಎಂಜಿನ್ನನ್ನು ತಿರುಗಿಸುತ್ತದೆ. ಆಗ ಗವರ್ನರ್ ಇಂಧನವನ್ನು ಪೂರ್ತಿ ನಿಲ್ಲಿಸಿದರೂ ವೇಗ ಏರುತ್ತಲೇ ಹೋಗುತ್ತದೆ. ನಿಮ್ಮದಕ್ಕೆ ಹೋಲುವ ಎಂಜಿನ್ನುಗಳ ಸ್ಟ್ರೋಕ್ (ಪಿಸ್ಟನ್ ಒಂದು ಸಲ ಏರುವ ಅಥವಾ ಇಳಿಯುವ ದೂರ) 120 ಮಿ.ಮೀ., ನಿಗದಿತ ವೇಗ ನಿಮಿಷಕ್ಕೆ 2,500 ಸುತ್ತು. ಆ ವೇಗದಲ್ಲಿ ಪಿಸ್ಟನ್ ಸೆಕೆಂಡಿಗೆ ಸರಾಸರಿ 10 ಮೀಟರ್ ಚಲಿಸುತ್ತದೆ. ಅದೇ 4,000 ಸುತ್ತಿಗೆ ಏರಿದರೆ ಪಿಸ್ಟನ್ನಿನ ವೇಗ 16 ಮೀಟರಾಗುತ್ತದೆ, ಆದರೆ ಪಿಸ್ಟನ್ನನ್ನು ಎಂಜಿನ್ನಿನ ತಿರುಗುವ ದಂಡಕ್ಕೆ (ಕ್ರ್ಯಾಂಕ್) ಜೋಡಿಸುವ ಕನೆಕ್ಟಿಂಗ್ ರಾಡನ್ನೂ ಅದರ ಬೋಲ್ಟುಗಳನ್ನೂ ಎಳೆಯುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಅಷ್ಟು ವೇಗದಲ್ಲಿ ವಾಲ್ವ್ ಸ್ಪ್ರಿಂಗ್ ಸಕಾಲಕ್ಕೆ ವಾಲ್ವನ್ನು ಮುಚ್ಚಲಾರದು. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ನಡುವೆ ಉಳಿಯುವ ಸಂದು ಹೆಚ್ಚುಕಡಿಮೆ ಒಂದು ಮಿಲಿಮೀಟರಿನಷ್ಟೇ; ತೆರೆದೇ ಉಳಿದ ವಾಲ್ವಿಗೆ ಪಿಸ್ಟನ್ ಬಡಿಯದೆ ಇರದು. ಬಡಿದಾಗ ಪುಶ್ ರಾಡ್ ಬಾಗುತ್ತದೆ, ವಾಲ್ವಿನ ಕಾಂಡ ಮಣಿಯುತ್ತದೆ, ಕೊನೆಗೆ ತಲೆ ಕಳಚಿ ಬೀಳುತ್ತದೆ. ಆಮೇಲಿನ ಅರ್ಧ ಕಿ.ಮೀ.ಯಲ್ಲಿ ಆ ತಲೆಯನ್ನು ಪಿಸ್ಟನ್ ನೂರಾರು ಸಲ ಹೆಡ್ಡಿಗೆ ಕುಟ್ಟಿದೆ.

ಈಗ ತುಂಡುಗಳ ದಾರಿಗೆ ಬರೋಣ. ದಾರಿಗಳು ಮೂರು. ಮೊದಲನೆಯದು ಎಕ್ಸಾಸ್ಟ್ ಮೂಲಕ, ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊಗೆ. ಮುರಿದದ್ದು ಎಕ್ಸಾಸ್ಟ್ ವಾಲ್ವೇ ಆದ್ದರಿಂದ ಚೂರುಗಳು ಟರ್ಬೈನಿನ ರೆಕ್ಕೆಗಳಿಗೆ ನೇರವಾಗಿ ಬಡಿದಿರುತ್ತವೆ. ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸು ತಿರುಗುವ ಚಕ್ರದ ಒಂದು ರೆಕ್ಕೆಯ ತುದಿ ಮುಕ್ಕಾದರೂ ತೂಕದ ಸಮತೋಲ ತಪ್ಪಿ ಅದರ ಬೇರಿಂಗ್ ಬಹುಕಾಲ ಬಾಳದು. ಎರಡನೆಯದು ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್. ಸಿಲಿಂಡರಿನಲ್ಲಿ ಕುಣಿಯುವ ಚೂರುಗಳು ತೆರೆದ ಇನ್‌ಟೇಕ್ ವಾಲ್ವಿನಿಂದ ಹಿಂದಕ್ಕೆ ಚಿಮ್ಮಿ ಮ್ಯಾನಿಫೋಲ್ಡಿನಲ್ಲಿ ಕುಳಿತು, ಮರುದಿನ ಪಕ್ಕದ ಸಿಲಿಂಡರಿಗೆ ಇಳಿಯುವುದುಂಟು. ಮ್ಯಾನಿಫೋಲ್ಡನ್ನು ಬಿಚ್ಚಿ, ಬೆಳಕು ಹಾಕಿ, ಕೈಯಾಡಿಸಿಯೇ ನೋಡಬೇಕು.

ಮೂರನೆಯ ದಾರಿ ಎಣ್ಣೆಯದು. ರಿಪೇರಿಯಾದ ಎಂಜಿನ್ನುಗಳು ಮತ್ತೆ ಕೆಡುವುದು ಹೆಚ್ಚಾಗಿ ಇಲ್ಲಿಯೇ ಎಂಬುದು ನನ್ನ ಅನುಭವ. ಒಡೆದ ಪಿಸ್ಟನ್ನಿನ ಅಲ್ಯೂಮಿನಿಯಂ ಪುಡಿ ಎಣ್ಣೆ ನಿಲ್ಲುವ ಕೆಳಗಿನ ಚೇಂಬರಿಗೆ ಬಿದ್ದು, ಪಂಪಿನ ಮೂಲಕ ಫಿಲ್ಟರಿಗೆ ಹೋಗುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಬೈಪಾಸ್ ವಾಲ್ವ್ ತೆರೆದು ಸೋಸದ ಎಣ್ಣೆಯೇ ಬೇರಿಂಗುಗಳಿಗೆ ಹರಿಯುತ್ತದೆ. ಎಣ್ಣೆಯನ್ನು ತಿಳಿಬಣ್ಣದ ಬೇಸಿನ್ನಿಗೆ ಬಸಿಯಿರಿ, ಫಿಲ್ಟರನ್ನು ಕತ್ತರಿಸಿ ಕಾಗದವನ್ನು ಬಿಡಿಸಿ ನೋಡಿ. ಅಯಸ್ಕಾಂತಕ್ಕೆ ಅಂಟುವುದು ಉಕ್ಕು ಅಥವಾ ಬೀಡು. ಅಂಟದೆ ಬಿಳಿಯಾಗಿ ಹೊಳೆಯುವುದು ಪಿಸ್ಟನ್. ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲುಪದರ ಸವೆದು ಒಳಪದರ ಹೊರಬಿದ್ದಿದೆ ಎಂದು ತಿಳಿಯಬೇಕು. ಪಂಪನ್ನು ಬಿಚ್ಚಿ ಗೀರು ನೋಡಿ, ಕ್ರ್ಯಾಂಕಿನ ಎಣ್ಣೆ ರಂಧ್ರಗಳಲ್ಲಿ ಬ್ರಷ್ ಹಾಯಿಸಿ, ಬ್ಲಾಕಿನ ಎಣ್ಣೆ ಕೊಳವೆಗಳ ಮುಚ್ಚಳ ತೆಗೆಸಿ ಎರಡೂ ತುದಿಯಿಂದ ತೊಳೆಸಿ. ಪಿಸ್ಟನ್ನಿನ ಅಡಿಗೆ ಎಣ್ಣೆ ಚಿಮ್ಮಿಸುವ ಸಣ್ಣ ನಾಜಲ್‌ಗಳಿದ್ದರೆ ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು. ಒಂದು ಕಟ್ಟಿಕೊಂಡಿದ್ದರೂ ಆ ಪಿಸ್ಟನ್ ಕಾದು ಜಾಮ್ ಆಗುತ್ತದೆ. ಆಯಿಲ್ ಕೂಲರನ್ನು ಮಾತ್ರ ತೊಳೆದು ಹಾಕುವ ಉಪಾಯಕ್ಕೆ ಹೋಗಬೇಡಿ. ಅದರ ತೆಳು ಪದರಗಳ ನಡುವೆ ಸಿಕ್ಕಿದ ಪುಡಿ ಡೀಸೆಲ್ಲಿನಲ್ಲಿ ಎಷ್ಟು ಜಾಲಾಡಿದರೂ ಪೂರ್ತಿ ಬರದೆ, ಎಂಜಿನ್ ಕಾದು ಎಣ್ಣೆ ತೆಳುವಾದಾಗ ಹೊರಡುತ್ತದೆ. ನಾನು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಹೊಸ ಕೂಲರಿನ ಹಣ ಉಳಿಸಲು ಹಳೆಯದನ್ನೇ ತೊಳೆದು ಕೂರಿಸಿದ್ದೆವು. ಆ ಲಾರಿ ಎರಡನೇ ವಾರಕ್ಕೆ ಬೇರಿಂಗ್ ತಿಂದು ಹಗ್ಗ ಕಟ್ಟಿಸಿಕೊಂಡು ಬಂತು.

ಉಳಿದ ಅಳತೆಗಳು ಲೇತಿನವರ ಕೆಲಸ. ಮೂರನೆಯ ಕನೆಕ್ಟಿಂಗ್ ರಾಡ್ ಕಣ್ಣಿಗೆ ನೆಟ್ಟಗೆ ಕಂಡರೂ ಫಿಕ್ಸ್ಚರಿನಲ್ಲಿ ಇಟ್ಟು ನೋಡಬೇಕು. ವೇಗ ಏರಿದಾಗ ಎಳೆತ ಆರೂ ರಾಡುಗಳಿಗೆ ಬಿದ್ದಿದೆ. ಆದ್ದರಿಂದ ರಾಡ್ ಬೋಲ್ಟುಗಳನ್ನು ಆರಕ್ಕೂ ಹೊಸದಾಗಿಯೇ ಹಾಕಿಸಿ. ಒಂದು ಪಿಸ್ಟನ್ನಿಗೆ ಕೆಲಸ ಮುಗಿಯುವುದಿಲ್ಲ ಎಂದು ನಾನು ಹೇಳುವುದಕ್ಕೆ ಇದು ಮುಖ್ಯ ಕಾರಣ. ಕ್ರ್ಯಾಂಕನ್ನು ಅಯಸ್ಕಾಂತದ ವಿಧಾನದಿಂದ ಬಿರುಕಿಗಾಗಿ ಪರೀಕ್ಷಿಸಿದ ಮೇಲೆಯೇ ಗ್ರೈಂಡಿಂಗಿಗೆ ಕೊಡಿ, 0.25 ಅಥವಾ 0.50 ಮಿ.ಮೀ.ಗೆ ಇಳಿಸಿದರೆ ಅದೇ ಅಳತೆಯ ಬೇರಿಂಗ್ ಬೇಕು. ಈ ಜಾತಿಯ ಎಂಜಿನ್ನುಗಳಲ್ಲಿ ಬೇರೆ ಲೈನರ್ (ಸಿಲಿಂಡರಿನೊಳಗೆ ಕೂರಿಸುವ ಕೊಳವೆ) ಇಲ್ಲದೆ ಪಿಸ್ಟನ್ ಬ್ಲಾಕಿನಲ್ಲೇ ಓಡುವುದುಂಟು. ನಿಮ್ಮದೂ ಹಾಗಿದ್ದರೆ ಮೂರನೆಯ ಬೋರಿನ ಗೀರು ಉಗುರಿಗೆ ಸಿಗುವಷ್ಟಿದೆಯೇ ನೋಡಿ; ಬೋರಿಂಗ್ ಮಾಡಿಸಿ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಬಹುದು, ಇನ್ನೂ ಆಳವಾಗಿದ್ದರೆ ಸ್ಲೀವ್ ಕೂರಿಸಬೇಕಾಗುತ್ತದೆ. ಹೆಡ್ಡನ್ನು ನೀರಿನ ಒತ್ತಡದಲ್ಲಿ ಪರೀಕ್ಷಿಸಿ, ಹನ್ನೆರಡು ವಾಲ್ವುಗಳನ್ನೂ ಸ್ಪ್ರಿಂಗುಗಳನ್ನೂ ಬದಲಾಯಿಸಿ. ಬಾಗಿದ ಪುಶ್ ರಾಡನ್ನು ತಟ್ಟಿ ನೆಟ್ಟಗೆ ಮಾಡಿ ಹಾಕುವವರೂ ಇದ್ದಾರೆ, ಅದಕ್ಕೆ ಒಪ್ಪಬೇಡಿ.

ಜೋಡಿಸಿದ ಮೇಲೆ ಇಂಧನ ನಿಲ್ಲಿಸಿ, ಆಯಿಲ್ ಪ್ರೆಷರ್ ಮುಳ್ಳು ಏಳುವ ತನಕ ಸ್ಟಾರ್ಟರಿನಿಂದ ಬಿಟ್ಟು ಬಿಟ್ಟು ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಮೊದಲ 500 ಕಿ.ಮೀ.ಗೇ ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸಿ, ಆ ಫಿಲ್ಟರನ್ನೂ ಕತ್ತರಿಸಿ ನೋಡುವುದನ್ನು ಮರೆಯಬೇಡಿ.

ಪ್ರಶ್ನೆ: ವಾಲ್ವ್ ತಾನಾಗಿ ಮುರಿಯಿತು, ತಾನು ವೇಗ ಹೆಚ್ಚಿಸಲಿಲ್ಲ ಎಂದು ಡ್ರೈವರ್ ಹೇಳುತ್ತಾನೆ. ಇದನ್ನು ಪತ್ತೆಹಚ್ಚಬಹುದೆ? ಖರ್ಚಿನಲ್ಲಿ ಒಂದು ಪಾಲನ್ನು ಅವನ ಸಂಬಳದಲ್ಲಿ ಹಿಡಿಯಬೇಕೆಂದಿದ್ದೇನೆ.
– ಅದೇ ಓದುಗರು

ಉತ್ತರ: ಪತ್ತೆಹಚ್ಚಬಹುದು. ವಾಲ್ವಿನದೇ ದೋಷವಾಗಿದ್ದರೆ ಹಾನಿ ಸಾಮಾನ್ಯವಾಗಿ ಒಂದೇ ಸಿಲಿಂಡರಿಗೆ ಸೀಮಿತವಾಗಿರುತ್ತದೆ. ನಿಮ್ಮಲ್ಲಿ ಬೇರೆ ಎರಡು ಸಿಲಿಂಡರುಗಳ ಪುಶ್ ರಾಡುಗಳೂ ಬಾಗಿವೆ. ಉಳಿದ ಪಿಸ್ಟನ್ನುಗಳ ಮಸಿ ಒರೆಸಿ ನೋಡಿದರೆ ವಾಲ್ವ್ ತಾಗಿದ ಅರ್ಧಚಂದ್ರದ ಗುರುತುಗಳೂ ಕಾಣಬಹುದು. ಇದು ಎಂಜಿನ್ ಮಿತಿ ಮೀರಿ ತಿರುಗಿದ ಲಕ್ಷಣವೇ ಸರಿ.

ಆದರೆ ಅಲ್ಲಿಗೆ ತೀರ್ಪು ಕೊಡಬೇಡಿ. ಘಟ್ಟ ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬ ನಿಯಮ ಗೊತ್ತಿರುವ ಡ್ರೈವರ್ ಕೂಡ, ಮೇಲಿನ ಗೇರಿನಲ್ಲಿ ಇಳಿಯುತ್ತಾ ಬ್ರೇಕ್ ಕಾದು ಹಿಡಿಯದಂತಾದಾಗ, ದಿಕ್ಕು ತೋಚದೆ ಕೆಳಗಿನ ಗೇರಿಗೆ ತಳ್ಳುತ್ತಾರೆ. ಎಂಜಿನ್ ಹೋದರೂ ಲಾರಿ ಮತ್ತು ಅದರಲ್ಲಿದ್ದವರು ಉಳಿದದ್ದು ಆ ಗೇರಿನಿಂದಲೇ ಇರಬಹುದು. ಲೈನಿಂಗುಗಳು ಸುಟ್ಟು ಹೊಳಪೇರಿವೆಯೇ, ಡ್ರಮ್ಮಿನಲ್ಲಿ ನೀಲಿ ಕಲೆ ಇದೆಯೇ, ಹೊಗೆಯ ದಾರಿ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಕೆಲಸ ಮಾಡುತ್ತಿತ್ತೇ ಅಥವಾ ಯಾವಾಗಲೋ ಅದರ ಗಾಳಿಯ ಪೈಪ್ ಕಳಚಿ ಕಟ್ಟಿಹಾಕಲಾಗಿತ್ತೇ, ಹೇರಿದ ಭಾರ ಪರ್ಮಿಟ್ಟಿನಷ್ಟೇ ಇತ್ತೇ ಎಂಬುದನ್ನು ನೋಡಿ. ಇವುಗಳಲ್ಲಿ ಒಂದಾದರೂ ನಿಮ್ಮ ಕಡೆ ಬೊಟ್ಟು ಮಾಡಿದರೆ ಸಂಬಳಕ್ಕೆ ಕೈ ಹಾಕುವುದು ನ್ಯಾಯವಲ್ಲ. ಹಣ ಹಿಡಿಯುತ್ತಾರೆಂದು ಗೊತ್ತಾದರೆ ಯಾವ ಡ್ರೈವರೂ ಯಾವ ಗೇರಿನಲ್ಲಿದ್ದೆ, ಎಂಜಿನ್ ವೇಗದ ಮುಳ್ಳು ಎಲ್ಲಿತ್ತು ಎಂಬುದನ್ನು ನಿಜ ಹೇಳುವುದಿಲ್ಲ. ಮೇಸ್ತ್ರಿಗೆ ಬೇಕಾದದ್ದು ಆ ಮಾಹಿತಿಯೇ.

ಪ್ರಶ್ನೆ: ನನ್ನ ಲಾರಿಯ ರಾಡ್ ಮುರಿದು ಬ್ಲಾಕ್ ತೂತಾಗಿದೆ. ಗುಜರಿಯಿಂದ ಹಳೆಯ ಎಂಜಿನ್ ತಂದು ಕೂರಿಸಬಹುದೆ? ವಿಮೆ ಸಿಗುತ್ತದೆಯೆ?
– ಹುಬ್ಬಳ್ಳಿಯ ಓದುಗರು

ಉತ್ತರ: ಕೂರಿಸಬಹುದು. ಆದರೆ ಎಂಜಿನ್ ನಂಬರ್ ಆರ್‌ಸಿಯಲ್ಲಿ ದಾಖಲಾಗಿರುವುದರಿಂದ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಟಿಒ ಕಚೇರಿಗೆ ತಿಳಿಸಿ ತಿದ್ದಿಸಿಕೊಳ್ಳಬೇಕು. ಖರೀದಿಯ ಬಿಲ್ಲೂ ಆ ಎಂಜಿನ್ ಯಾವ ಗಾಡಿಯದೆಂಬ ದಾಖಲೆಯೂ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ಕದ್ದ ಗಾಡಿಯ ಎಂಜಿನ್ ಆಗಿದ್ದರೆ ನಿಮ್ಮ ಲಾರಿಯೂ ಠಾಣೆಯ ಮುಂದೆ ನಿಲ್ಲಬೇಕಾದೀತು. ಕೊಳ್ಳುವ ಮುನ್ನ ಚೇಂಬರ್ ಇಳಿಸಿ ಒಂದೆರಡು ಬೇರಿಂಗ್ ತೆಗೆದು ನೋಡಲು ಅಂಗಡಿಯವರು ಬಿಡುತ್ತಾರೆಯೇ ಕೇಳಿ. ನಿಮ್ಮ ಹಳೆಯ ಟರ್ಬೊವನ್ನೂ ಆಯಿಲ್ ಕೂಲರನ್ನೂ ಇದಕ್ಕೆ ವರ್ಗಾಯಿಸುವಂತಿಲ್ಲ. ಕಾರಣವನ್ನು ಮೇಲಿನ ಉತ್ತರದಲ್ಲಿ ಹೇಳಿದೆ.

ವಿಮೆಯ ವಿಷಯದಲ್ಲಿ ಹೆಚ್ಚು ಆಸೆ ಬೇಡ. ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಸವೆತವೂ ಯಾಂತ್ರಿಕ ಕೆಡುಕೂ ಪರಿಹಾರದಿಂದ ಹೊರಗಿವೆ. ಹೊರಗಿನ ಅಪಘಾತದಲ್ಲಿ, ಉದಾಹರಣೆಗೆ ಕಲ್ಲಿಗೆ ತಾಗಿ ಚೇಂಬರ್ ಒಡೆದು ಹಾನಿಯಾಗಿದ್ದರೆ, ಲಾರಿಯನ್ನು ಕದಲಿಸುವ ಮೊದಲು ಚಿತ್ರ ತೆಗೆದು ಸರ್ವೇಯರ್ ಬರುವ ತನಕ ಎಂಜಿನ್ ಬಿಚ್ಚಬೇಡಿ. ಅಂಥ ಸಂದರ್ಭದಲ್ಲಿಯೂ ಎಣ್ಣೆ ಸೋರಿದ ಮೇಲೆ ಎಂಜಿನ್ ಓಡಿಸಿದ್ದರಿಂದ ಆದ ನಷ್ಟವನ್ನು ಕಂಪನಿ ಬೇರೆಯಾಗಿ ಎಣಿಸಿ ನಿರಾಕರಿಸಬಹುದು. ಆದ್ದರಿಂದ ಪ್ರೆಷರ್ ಬಿದ್ದ ಕ್ಷಣವೇ ಎಂಜಿನ್ ಆಫ್ ಮಾಡಿ ಎಂದು ಡ್ರೈವರಿಗೆ ಮೊದಲೇ ಹೇಳಿಡಿ.