ಸ್ಟೀರಿಂಗ್ ಹಿಡಿದರೆ ಕೈ ನಡುಗುತ್ತದೆ, ಹೆಂಡತಿಗೆ ಹೇಗೆ ಹೇಳಲಿ?

ಪ್ರಶ್ನೆ: ನನಗೆ 38 ವರ್ಷ. 7 ತಿಂಗಳ ಹಿಂದೆ ಕಾರು ಅಪಘಾತವಾಯಿತು. ಪೆಟ್ಟೇನೂ ಆಗಲಿಲ್ಲ. ಆದರೆ ಅಂದಿನಿಂದ ಸ್ಟೀರಿಂಗ್ ಹಿಡಿದರೆ ಕೈ ನಡುಗುತ್ತದೆ. ತಲೆನೋವು, ಕೆಲಸ ಅಂತ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತೇನೆ. ‘ನಮ್ಮ ಜೊತೆ ಬರೋಕೆ ನಿಮಗೆ ಇಷ್ಟ ಇಲ್ಲ’ ಅನ್ನುತ್ತಾಳೆ ಹೆಂಡತಿ. ಮೊನ್ನೆ ‘ಡೈ ಹಾರ್ಡ್’ ನೋಡುವಾಗ, ನಾಯಕ ಪಾದಕ್ಕೆ ಚುಚ್ಚಿದ ಗಾಜು ಕೀಳುವ ದೃಶ್ಯದಲ್ಲಿ ಅಳು ಬಂತು. ಎದ್ದು ಹೋದೆ. ಗಂಡಸಾಗಿ ಇದನ್ನು ಹೇಗೆ ಹೇಳಲಿ?

ಉತ್ತರ: ಆ ಅಳು ಬಂದಿದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ.

1988ರ ಆ ಸಿನಿಮಾದ ಶುರು ನೆನಪಿದೆಯಾ? ವಿಮಾನದಲ್ಲಿ ಒಂದು ಕೈ ಸೀಟಿನ ಹಿಡಿಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಅದು ನಾಯಕ ಮೆಕ್ಲೇನ್‌ನ ಕೈ. ಅವನಿಗೆ ವಿಮಾನ ಅಂದರೆ ಹೆದರಿಕೆ. ಪಕ್ಕದಲ್ಲಿ ಕೂತವನು ಅದನ್ನು ಗಮನಿಸಿ, ತಲುಪಿದ ಮೇಲೆ ಶೂ ಸಾಕ್ಸ್ ಬಿಚ್ಚಿ ಕಾರ್ಪೆಟ್ ಮೇಲೆ ಕಾಲ್ಬೆರಳು ಮಡಚುತ್ತಾ ಓಡಾಡು ಅಂತ ಹೇಳಿಕೊಡುತ್ತಾನೆ. ಮೆಕ್ಲೇನ್ ಹಾಗೇ ಮಾಡುತ್ತಾನೆ. ಆಮೇಲೆ ದರೋಡೆಕೋರರು ನುಗ್ಗಿದ ಕಟ್ಟಡದಲ್ಲಿ ಇಡೀ ರಾತ್ರಿ ಬರಿಗಾಲಲ್ಲಿ ಓಡುವುದು ಅದಕ್ಕೇ. ಅಂದರೆ ನಾವು ಮೊದಲು ನೋಡುವುದು ಅವನ ಭಯವನ್ನು, ಶೌರ್ಯವನ್ನಲ್ಲ.

ಗಾಜು ಕೀಳುತ್ತಾ ಅವನು ವಾಕಿಟಾಕಿಯಲ್ಲಿ ಮಾತಾಡುವುದು ಮುಖವನ್ನೇ ನೋಡಿರದ ಪೊಲೀಸ್ ಪೊವೆಲ್ ಜೊತೆ. ಆಟದ ಬಂದೂಕು ಹಿಡಿದ 13 ವರ್ಷದ ಹುಡುಗನಿಗೆ ತಪ್ಪಾಗಿ ಗುಂಡು ಹೊಡೆದ ಮೇಲೆ ತನಗೆ ಬಂದೂಕು ಎತ್ತಲು ಆಗುತ್ತಿಲ್ಲ ಅಂತ ಪೊವೆಲ್ ಹೇಳಿಕೊಳ್ಳುತ್ತಾನೆ. ನಾನು ತಪ್ಪು ಮಾಡಿದೆ, ನನ್ನ ಹೆಂಡತಿಗೆ ತಿಳಿಸು ಅಂತ ಮೆಕ್ಲೇನ್ ಕೇಳಿಕೊಳ್ಳುತ್ತಾನೆ. ನೀವು ಮಾಡಿದ್ದೂ ಅದನ್ನೇ ಅಲ್ವಾ? ಮುಖ ನೋಡಿರದ ನನಗೆ ಹೇಳಿದಿರಿ. ಆದರೆ ನಿಮ್ಮ ಹೆಂಡತಿ ನಿಮ್ಮ ಮನೆಯಲ್ಲೇ ಇದ್ದಾರೆ.

ಅವರಿಗೆ ನಿಮ್ಮ ಭಯ ಗೊತ್ತಿಲ್ಲ, ಕಾಣುತ್ತಿರುವುದು ನೆಪ ಮಾತ್ರ. 7 ತಿಂಗಳಿಂದ ‘ನನ್ನನ್ನು ಕಂಡರೆ ಇವರಿಗೆ ಬೇಸರ’ ಅಂದುಕೊಂಡು ಸುಮ್ನೆ ನೊಂದಿದ್ದಾರೆ. ಅವರಿಗೆ ಜಾಸ್ತಿ ನೋವಾಗಿರುವುದು ಅದರಿಂದ. ಹಾಗಾಗಿ ಮೊದಲು ಅದನ್ನೇ ಹೇಳಿ: ‘ನಿನ್ನ ಜೊತೆ ಬರೋಕೆ ಇಷ್ಟ ಇಲ್ಲ ಅಂತಲ್ಲ. ನನಗೆ ಕಾರು ಓಡಿಸೋಕೆ ಹೆದರಿಕೆ.’ ಇಷ್ಟೇ ಸಾಕು. ಗಂಟಲು ಕಟ್ಟಿದರೆ ಕಟ್ಟಲಿ.

ಸಿನಿಮಾದ ಕೊನೆಯಲ್ಲಿ ಪೊವೆಲ್ ಬಂದೂಕು ಎತ್ತಿ ಗುಂಡು ಹೊಡೆಯುತ್ತಾನೆ, ಅಲ್ಲಿಗೆ ಅವನ ಕಷ್ಟ ತೀರಿತು ಅನ್ನುವಂತೆ ತೋರಿಸುತ್ತಾರೆ. ಇದೊಂದನ್ನು ನಾನು ಒಪ್ಪುವುದಿಲ್ಲ. ಭಯ ಹಾಗೆ ಒಂದೇ ಏಟಿಗೆ ಹೋಗುವುದಿಲ್ಲ. ತಪ್ಪಿಸಿಕೊಂಡಷ್ಟೂ ಬಲಿಯುತ್ತದೆ, ಮೆಲ್ಲಗೆ ಹತ್ತಿರ ಹೋದಷ್ಟೂ ಇಳಿಯುತ್ತದೆ. ಅಪಘಾತದ ನಂತರದ ಭಯ ಒಂದು ತಿಂಗಳು ದಾಟಿದರೆ ಮನಃಶಾಸ್ತ್ರಜ್ಞರನ್ನು ನೋಡುವುದು ಒಳ್ಳೆಯದು. ನಿಮ್ಮದು 7 ತಿಂಗಳಾಗಿದೆ, ದಯವಿಟ್ಟು ಹೋಗಿ. ಅವರು ಹಂತ ಹಂತವಾಗಿ ಅಭ್ಯಾಸ ಮಾಡಿಸುತ್ತಾರೆ. ಮೊದಲ ಹಂತ ಬರೀ ನಿಂತ ಕಾರಿನಲ್ಲಿ, ಇಂಜಿನ್ ಆಫ್ ಮಾಡಿ ಕೂರುವುದೂ ಆಗಿರಬಹುದು. ಆ ದಿನ ಪಕ್ಕದ ಸೀಟಿನಲ್ಲಿ ಕೂರುತ್ತೀಯಾ ಅಂತ ನಿಮ್ಮ ಹೆಂಡತಿಯನ್ನೇ ಕೇಳಿ.