ಗುಪ್ತರೋಗದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ, ಮತ್ತೆ ದೇಶಕ್ಕೆ ಲೆಕ್ಕ ಹೇಗೆ ಸಿಗುತ್ತದೆ? ನಮ್ಮ ಹೆಸರು ದಿಲ್ಲಿಗೆ ಹೋಗುತ್ತಾ?

ಮೊದಲು ಎರಡನೆಯದಕ್ಕೆ ಉತ್ತರ: ತಿಂಗಳ ವರದಿಯಲ್ಲಿ ಹೆಸರು ಹೋಗುವುದಿಲ್ಲ. ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೌನ್ಸೆಲರ್. ಆ ವರದಿಯಲ್ಲಿ ನಾವು ಕಳಿಸುವುದು ಎಷ್ಟು ಜನ ಅನ್ನುವ ಅಂಕಿ ಮಾತ್ರ.

ಹೇಳಿಕೊಳ್ಳಲು ಬರುವವರನ್ನೇ ಎಣಿಸುತ್ತಾ ಕೂತರೆ ನಿಜ ಲೆಕ್ಕ ಸಿಗುವುದಿಲ್ಲ. ಅದಕ್ಕೇ ಎಚ್‌ಐವಿ ವಿಷಯದಲ್ಲಿ ಬಸುರಿಯರನ್ನು ನೋಡುತ್ತಾರೆ. ಅವರು ಬರುವುದು ಕಾಯಿಲೆ ಅಂತ ಅಲ್ಲ, ತಪಾಸಣೆಗೆ. ಎಲ್ಲ ಥರದ ಮನೆಗಳಿಂದ ಬರುತ್ತಾರೆ. 1998ರಿಂದ ದೇಶದಲ್ಲಿ ಈ ಪದ್ಧತಿ ಇದೆ. ಆರಿಸಿದ ಆಸ್ಪತ್ರೆಗಳಲ್ಲಿ ಮೂರು ತಿಂಗಳಲ್ಲಿ, ಬಂದ ಸರದಿಯಲ್ಲೇ, 400 ಬಸುರಿಯರ ರಕ್ತ ಹೆಸರಿಲ್ಲದೆ ಪರೀಕ್ಷೆಗೆ ಹೋಗುತ್ತದೆ. ಇವರು ಬೇಕು, ಇವರು ಬೇಡ ಅನ್ನುವ ಹಾಗಿಲ್ಲ.

ಆದರೂ ಅಳತೆ ತಪ್ಪಬಹುದು. ದೇಶದಲ್ಲಿ ಸುಮಾರು 52 ಲಕ್ಷ ಜನರಿಗೆ ಎಚ್‌ಐವಿ ಇದೆ ಅಂತ ಮೊದಲು ಅಂದಾಜಿತ್ತು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮನೆ ಮನೆಗೆ ಹೋಗಿ ಒಂದು ಲಕ್ಷಕ್ಕೂ ಜಾಸ್ತಿ ಜನರ ರಕ್ತ ನೋಡಿದರು. ಹೀಗೆ ರಕ್ತ ಪರೀಕ್ಷಿಸುವ ಕೇಂದ್ರಗಳನ್ನೂ ಹೆಚ್ಚಿಸಿದರು. 2007ರಲ್ಲಿ ಅಂದಾಜು ಸುಮಾರು 25 ಲಕ್ಷಕ್ಕೆ ಇಳಿಯಿತು. ಅಷ್ಟು ಜನ ಗುಣವಾಗಿದ್ದಲ್ಲ, ಎಣಿಸುವ ರೀತಿ ಸುಧಾರಿಸಿತು. ಪೇಪರಿನಲ್ಲಿ 'ಹೆಚ್ಚಾಯ್ತು', 'ಕಡಿಮೆ ಆಯ್ತು' ಅಂತ ಓದಿದಾಗ ನಾನು ಮೊದಲು ಹುಡುಕುವುದು ಇದನ್ನೇ: ಎಲ್ಲಿ ನೋಡಿದರು, ಎಷ್ಟು ಜನರನ್ನು ನೋಡಿದರು?

ಗನೋರಿಯಾ, ಕ್ಲಮೈಡಿಯಾದಂಥ ಬೇರೆ ಗುಪ್ತರೋಗಗಳ ಲೆಕ್ಕ ಇನ್ನೂ ಕಷ್ಟ. ಸುರಕ್ಷಾ ಕ್ಲಿನಿಕ್‌ನಲ್ಲಿ, ಅಂದರೆ ಗುಪ್ತರೋಗ ನೋಡುವ ಸರ್ಕಾರಿ ಕ್ಲಿನಿಕ್‌ನಲ್ಲಿ, ಲಕ್ಷಣ ನೋಡಿ ಅದಕ್ಕೆ ತಕ್ಕ ಬಣ್ಣದ ಔಷಧಿ ಕಿಟ್ ಕೊಡುತ್ತೇವೆ. ರೋಗಿಗೆ ಅದೇ ದಿನ ಮಾತ್ರೆ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಯಾವ ರೋಗಾಣು ಅಂತ ಬರೆಯಲು ಆಗುವುದಿಲ್ಲ. ಎಷ್ಟೋ ಹೆಂಗಸರಿಗೆ ಲಕ್ಷಣವೇ ಇರುವುದಿಲ್ಲ. ಅವರು ಬರುವುದೂ ಇಲ್ಲ, ಲೆಕ್ಕಕ್ಕೆ ಸಿಗುವುದೂ ಇಲ್ಲ.

ಸಿಫಿಲಿಸ್ ಕೂಡ ಒಂದು ಗುಪ್ತರೋಗ. ಒಬ್ಬ ಬಸುರಿಯ ಸಿಫಿಲಿಸ್ ಪರೀಕ್ಷೆ ಪಾಸಿಟಿವ್ ಬಂದಿತ್ತು. ಗಂಡನನ್ನು ಕರೆಸಿದೆ. ಗುಳೆ ಹೋದ ಊರಲ್ಲಿ ಹುಣ್ಣಾಗಿತ್ತಂತೆ. ಮೆಡಿಕಲ್ ಶಾಪಿನಲ್ಲಿ ಏನೋ ಮಾತ್ರೆ ತಗೊಂಡ, ಹುಣ್ಣು ಹೋಯಿತು, ಸುಮ್ಮನಾದ. ಸಿಫಿಲಿಸ್ ಹುಣ್ಣು ಔಷಧಿ ಇಲ್ಲದೆಯೂ ಮಾಯುತ್ತದೆ, ರೋಗ ಒಳಗೇ ಉಳಿಯುತ್ತದೆ. ಇಬ್ಬರಿಗೂ ಪೆನಿಸಿಲಿನ್ ಇಂಜೆಕ್ಷನ್ ಆಯಿತು. ಸಕಾಲಕ್ಕೆ ಗೊತ್ತಾಗದಿದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದಿತ್ತು. ಅವಳು ಬರದೇ ಇದ್ದಿದ್ದರೆ ಅವನು ಯಾವ ಊರಿನ ಲೆಕ್ಕದಲ್ಲೂ ಇರುತ್ತಿರಲಿಲ್ಲ. ರಾಯಚೂರು, ಕೊಪ್ಪಳದಿಂದ ವರ್ಷಾವರ್ಷ ಗುಳೆ ಹೋಗುವವರನ್ನು ನೋಡಿದಾಗೆಲ್ಲ ನನಗೆ ಇದೇ ಚಿಂತೆ.

ನಿಮಗೇ ಏನಾದರೂ ಅನುಮಾನ ಇದ್ದು ಕೇಳಿದ್ದರೆ, ದಯವಿಟ್ಟು ಸುರಕ್ಷಾ ಕ್ಲಿನಿಕ್‌ಗೆ ಬನ್ನಿ. ಬರಲು ಮುಜುಗರ ಆದರೆ ಮೊದಲು ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಹೋಗುವುದಿಲ್ಲ.