ನೀಸ್‌ನಲ್ಲಿ ಅಪ್ಪ ಅಮ್ಮನ ಜೊತೆ ಐದು ರಾತ್ರಿ: ಹೋಟೆಲ್ ಎಲ್ಲಿ ಹಿಡಿಯೋದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಹಾಗೆ ಇಷ್ಟು: ದಸರಾ ರಜೆಗೆ ಬೆಂಗಳೂರಿನಿಂದ ಫ್ರಾನ್ಸಿನ ನೀಸ್‌ಗೆ ಹೊರಟಿದ್ದೀರಿ, ನೀವಿಬ್ಬರು, ಎಂಟು ವರ್ಷದ ಮಗಳು, ಎಪ್ಪತ್ತರ ಆಸುಪಾಸಿನ ಅಪ್ಪ ಅಮ್ಮ. ಐದು ರಾತ್ರಿ. ಎಲ್ಲರೂ ಸಸ್ಯಾಹಾರಿಗಳು. ಸಮುದ್ರ ಕಾಣುವ ರೂಮು ಬೇಕೆಂಬ ಆಸೆ ಇದೆ, ಬಜೆಟ್ ಅಷ್ಟಿಲ್ಲ. ಏನು ಮಾಡೋದು?

ನಾನು ಆರು ವರ್ಷದಿಂದ ಲಿಯೋಂನಲ್ಲಿದ್ದೇನೆ. ಇಲ್ಲಿಂದ ನೀಸ್‌ಗೆ ರೈಲಿನಲ್ಲಿ ನಾಲ್ಕೂವರೆ ಗಂಟೆಯ ದಾರಿ. ಅಪ್ಪ ಅಮ್ಮ ಮೈಸೂರಿನಿಂದ ಬಂದಾಗ ಎರಡು ಸಲ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೊದಲನೇ ಸಲ ಹೋಟೆಲ್ ಆರಿಸಿದ್ದರಲ್ಲಿ ಎಡವಿದೆ, ಎರಡನೇ ಸಲ ಸರಿಯಾಯಿತು. ಆ ಎರಡೂ ಸೇರಿಸಿ ಹೇಳ್ತೀನಿ.

ಮೊದಲು ಸಮುದ್ರದ ವಿಷಯ. ಸಮುದ್ರ ಕಾಣುವ ರೂಮಿಗೆ ದುಡ್ಡು ಹಾಕಬೇಡಿ. ನೀಸ್‌ನಲ್ಲಿ ದಂಡೆಯುದ್ದಕ್ಕೂ ಪ್ರೊಮೆನಾಡ್ ದೆಸ್ ಆಂಗ್ಲೆ ಅಂತ ಸುಮಾರು ಏಳು ಕಿಲೋಮೀಟರ್ ಉದ್ದದ ರಸ್ತೆ ಇದೆ. ಹೋಟೆಲ್‌ಗಳೆಲ್ಲ ರಸ್ತೆಯ ಈಚೆ, ಸಮುದ್ರ ಆಚೆ. ನಡುವೆ ಕಾರು, ಬಸ್ಸು, ಬೈಕು. ಕಿಟಕಿ ತೆಗೆದರೆ ಅಲೆಯ ಸದ್ದಿಗಿಂತ ಮೊದಲು ಎಂಜಿನ್ ಸದ್ದು ಒಳಗೆ ಬರುತ್ತೆ. ಅದೇ ರಸ್ತೆಯ ಸಮುದ್ರದ ಬದಿಯಲ್ಲಿ ಅಗಲವಾದ ಕಾಲುದಾರಿ ಇದೆ, ಅಲ್ಲಿ ನೀಲಿ ಬಣ್ಣದ ಕುರ್ಚಿಗಳನ್ನು ಹಾಕಿರ್ತಾರೆ. ಯಾರು ಬೇಕಾದರೂ ಕೂರಬಹುದು, ಒಂದು ಪೈಸೆ ಕೊಡಬೇಕಿಲ್ಲ. ನಮ್ಮಪ್ಪ ಸಂಜೆ ಐದಕ್ಕೆ ಹೋಗಿ ಕೂತರೆ ಕತ್ತಲಾಗುವವರೆಗೆ ಏಳುತ್ತಿರಲಿಲ್ಲ. ಎದುರಿಗೆ ದಡದ ಹತ್ತಿರ ತಿಳಿ ಹಸಿರು, ಆಚೆ ಕಡುನೀಲಿ, ಮಧ್ಯೆ ಗೆರೆ ಎಳೆದ ಹಾಗೆ. ರೂಮಿನ ಬಾಲ್ಕನಿಯಲ್ಲಿ ಇದಕ್ಕಿಂತ ಹೆಚ್ಚೇನೂ ಕಾಣುವುದಿಲ್ಲ. ಹಾಗೆ ಉಳಿದ ದುಡ್ಡನ್ನು ಮೂರು ವಿಷಯಕ್ಕೆ ಹಾಕಿ: ಲಿಫ್ಟು, ಸದ್ದಿಲ್ಲದ ರೂಮು, ಹತ್ತಿರದಲ್ಲೇ ಟ್ರಾಮ್ ನಿಲ್ದಾಣ. ವಯಸ್ಸಾದವರ ಜೊತೆ ಹೋಗುವವರಿಗೆ ಆರಾಮ ಅಂದರೆ ಈ ಮೂರೇ.

ಇನ್ನು ಎಲ್ಲಿ ಉಳಿಯಬಾರದು ಅನ್ನೋದು. ಫೋಟೋ ನೋಡಿದವರೆಲ್ಲ ವ್ಯೂ ನೀಸ್, ಅಂದರೆ ಹಳೇ ಊರು, ಅಲ್ಲೇ ಇರಬೇಕು ಅಂತಾರೆ. ನಾನೂ ಮೊದಲ ಸಲ ಹಾಗೇ ಮಾಡಿದೆ. ಊರು ನಿಜಕ್ಕೂ ಚೆಂದ. ಕಾವಿ, ಅರಿಶಿನದ ಬಣ್ಣದ ಎತ್ತರದ ಗೋಡೆಗಳು, ಕೈ ಚಾಚಿದರೆ ಎರಡೂ ಬದಿ ತಾಗುವಂಥ ಓಣಿಗಳು. ಆದರೆ ಓಣಿಯೊಳಗೆ ಟ್ಯಾಕ್ಸಿ ಬರೋದಿಲ್ಲ, ಹೆಚ್ಚಿನ ಕಟ್ಟಡಗಳಲ್ಲಿ ಲಿಫ್ಟಿಲ್ಲ, ರಾತ್ರಿ ಕೆಳಗಿನ ಬಾರುಗಳ ಗಲಾಟೆ. ನಮ್ಮದು ಮೂರನೇ ಮಹಡಿ. ಚಾವಣಿ ಎತ್ತರ, ಹಾಗಾಗಿ ಒಂದೊಂದು ಮಹಡಿಗೂ ಮೆಟ್ಟಿಲು ಜಾಸ್ತಿ. ಅಮ್ಮನಿಗೆ ಮಂಡಿ ನೋವು. ಎರಡನೇ ದಿನದಿಂದ ‘ನೀವು ಹೋಗಿ ಬನ್ನಿ, ನಾನಿಲ್ಲೇ ಇರ್ತೀನಿ’ ಅನ್ನೋಕೆ ಶುರು ಮಾಡಿದರು. ಅಷ್ಟು ದೂರದಿಂದ ಬಂದು ಅಮ್ಮ ರೂಮಿನಲ್ಲೇ ಕೂತದ್ದು ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಹಳೇ ಊರನ್ನು ನೋಡೋಕೆ ಹೋಗಿ, ಮಲಗೋಕೆ ಬೇಡ.

ಸಿಮಿಯೇ ಅನ್ನೋ ಬಡಾವಣೆ ಪ್ರಶಾಂತವಾಗಿದೆ, ಚಿತ್ರಕಾರ ಮಾತೀಸ್‌ನ ಮ್ಯೂಸಿಯಂ ಅಲ್ಲೇ ಇದೆ, ಆದರೆ ಗುಡ್ಡದ ಮೇಲೆ. ಏರ್‌ಪೋರ್ಟ್ ಪಕ್ಕದ ಹೋಟೆಲ್‌ಗಳು ಬೆಳಗಿನ ಜಾವದ ವಿಮಾನ ಇದ್ದವರಿಗೆ ಮಾತ್ರ.

ನಾನು ಹೇಳುವ ಜಾಗ ರೈಲ್ವೆ ಸ್ಟೇಷನ್ ಮತ್ತು ಸಮುದ್ರದ ನಡುವೆ ಬರುವ ಜಾನ್ ಮೆದ್ಸಾಂ ರಸ್ತೆಯ ಆಸುಪಾಸು. ಅದರ ಪಶ್ಚಿಮಕ್ಕೆ ಸಂಗೀತಗಾರರ ಬಡಾವಣೆ ಇದೆ: ವೆರ್ದಿ, ರೊಸ್ಸೀನಿ, ಗುನೋ ಅಂತ ಬೀದಿಗಳಿಗೇ ಅವರ ಹೆಸರು. ಸಮತಟ್ಟು ನೆಲ, ಹಳೇ ಕಾಲದ ಒಳ್ಳೇ ಕಟ್ಟಡಗಳು, ಎರಡು ಮೂರು ಸ್ಟಾರ್‌ನ ಸಣ್ಣ ಹೋಟೆಲ್‌ಗಳು ಸಾಕಷ್ಟು. ಏರ್‌ಪೋರ್ಟ್‌ನ ಎರಡೂ ಟರ್ಮಿನಲ್‌ಗಳಿಂದ ಹೊರಡುವ 2ನೇ ನಂಬರಿನ ಟ್ರಾಮ್ ಊರಿನ ನಡುವೆ ನೆಲದಡಿ ಹೋಗುತ್ತೆ, ಜಾನ್ ಮೆದ್ಸಾಂನಲ್ಲಿ ಇಳಿದರೆ ಆಯಿತು, ಅರ್ಧ ಗಂಟೆಯೊಳಗೆ. ಐದು ಜನ, ಸೂಟ್‌ಕೇಸು ಅಂತ ದೊಡ್ಡ ಟ್ಯಾಕ್ಸಿ ಹುಡುಕುವ ತಾಪತ್ರಯ ಇಲ್ಲ. 1ನೇ ನಂಬರಿನ ಟ್ರಾಮ್ ಅಲ್ಲೇ ಮೇಲೆ ಸಿಗುತ್ತೆ. ಸ್ಟೇಷನ್ ಕಡೆಯಿಂದ ಬಂದು ಮಸೇನಾ ಚೌಕ, ಹಳೇ ಊರು, ಗರಿಬಾಲ್ಡಿ ಚೌಕ ಎಲ್ಲದಕ್ಕೂ ಹೋಗುತ್ತೆ. ಇಟಲಿಯನ್ನು ಒಗ್ಗೂಡಿಸಲು ಹೋರಾಡಿದ ಗರಿಬಾಲ್ಡಿ ಹುಟ್ಟಿದ್ದು ಇದೇ ಊರಲ್ಲಿ, 1807ರಲ್ಲಿ. ನೀಸ್ ಫ್ರಾನ್ಸಿಗೆ ಸೇರಿದ್ದು 1860ರಲ್ಲಿ. ಊಟದಲ್ಲೂ ಬೀದಿ ಹೆಸರುಗಳಲ್ಲೂ ಇಟಲಿ ಇಣುಕೋದು ಅದಕ್ಕೇ.

ಸ್ಟೇಷನ್ನಿನ ಎದುರಿಗೇ ಇರುವ ಬೀದಿಗಳಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತೆ. ಅಪಾಯ ಅಂತಲ್ಲ, ಗಜಿಬಿಜಿ. ಎರಡು ಮೂರು ಬೀದಿ ದಕ್ಷಿಣಕ್ಕೆ ಬಂದರೆ ವಾತಾವರಣವೇ ಬೇರೆ. ಇನ್ನೂ ಕಡಿಮೆ ಬೇಕಾದರೆ ಸ್ಟೇಷನ್ನಿನ ಉತ್ತರಕ್ಕೆ ಲಿಬೆರಾಸ್ಯೋಂ ನೋಡಿ. ಊರಿನವರೇ ಇರುವ ಬಡಾವಣೆ, ಸೋಮವಾರ ಬಿಟ್ಟು ದಿನಾ ಬೆಳಿಗ್ಗೆ ತರಕಾರಿ ಸಂತೆ, ಸಮುದ್ರಕ್ಕೆ ಟ್ರಾಮ್. ಅಡುಗೆ ಮಾಡಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಅಡುಗೆ ಅಂದ ಕೂಡಲೇ ಹೇಳಿಬಿಡ್ತೀನಿ: ಐದು ಜನರಿಗೆ ಒಂದೇ ರೂಮು ಸಿಗುವುದು ಕಷ್ಟ. ಮಗುವನ್ನೂ ತಲೆಯೆಣಿಕೆಯಲ್ಲಿ ಸೇರಿಸಿಯೇ ಬುಕ್ ಮಾಡಿ, ‘ಹೋದಮೇಲೆ ಹೇಗೋ ಹೊಂದಿಸ್ಕೊಳ್ಳೋಣ’ ಅನ್ನೋದು ಅಲ್ಲಿ ನಡೆಯೋದಿಲ್ಲ. ಅಪಾರ್ಟ್-ಹೋಟೆಲ್‌ನಲ್ಲಿ ಎರಡು ಘಟಕ ತೆಗೆದುಕೊಳ್ಳಿ. ರಿಸೆಪ್ಷನ್, ಲಿಫ್ಟು ಎಲ್ಲ ಹೋಟೆಲಿನ ಹಾಗೆ, ಒಳಗೆ ಚಿಕ್ಕ ಅಡುಗೆಕಟ್ಟೆ, ಫ್ರಿಜ್ಜು, ಪಾತ್ರೆ. ರಾತ್ರಿ ಒಂದು ಅನ್ನ ಸಾರು ಮಾಡಿಕೊಂಡರೆ ದೊಡ್ಡವರ ಹೊಟ್ಟೆಯೂ ತಣ್ಣಗೆ, ಐದು ಜನರ ಹೋಟೆಲ್ ಊಟದ ಖರ್ಚೂ ಉಳಿತಾಯ. ಒಲೆ ಇಂಡಕ್ಷನ್ ಆಗಿದ್ದರೆ ನಮ್ಮ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರಲ್ಲ, ಹೊತ್ತುಕೊಂಡು ಹೋಗಬೇಡಿ. ಪುಳಿಯೋಗರೆ ಗೊಜ್ಜು, ಸಾರಿನ ಪುಡಿ, ಚಟ್ನಿಪುಡಿ ಸಾಕು. ತುಪ್ಪ ಮಾತ್ರ ಬೇಡ. ಹೊರಗಿನಿಂದ ಬರುವವರು ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಒಳ್ಳೇ ಬೆಣ್ಣೆ ಅಲ್ಲೇ ಸಿಗುತ್ತೆ, ಕಾಯಿಸಿಕೊಳ್ಳಿ.

ಈಗ ಬುಕ್ ಮಾಡುವ ಮುಂಚೆ ಹೋಟೆಲಿಗೆ ಕೇಳಲೇಬೇಕಾದ ಮಾತುಗಳು. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದನ್ನು ಯಾರೂ ಹೇಳುವುದಿಲ್ಲ: ಬಚ್ಚಲುಮನೆ. ಹಳೇ ಹೋಟೆಲ್‌ಗಳಲ್ಲಿ ಸ್ನಾನಕ್ಕೆ ಎತ್ತರದ ಟಬ್ ಇರುತ್ತೆ, ಅದರೊಳಗೆ ನಿಂತೇ ಶವರ್. ಮೊದಲ ಸಲ ನಮ್ಮ ರೂಮಿನಲ್ಲಿದ್ದ ಟಬ್ಬಿನ ಅಂಚು ಅಮ್ಮನ ಮೊಣಕಾಲಿನ ಮೇಲಕ್ಕೆ ಬರ್ತಿತ್ತು. ಒಂದು ಕೈ ಗೋಡೆಯ ಟೈಲ್ಸಿನ ಮೇಲೆ, ಇನ್ನೊಂದು ನನ್ನ ಭುಜದ ಮೇಲೆ, ಕಾಲೆತ್ತಿ ಒಳಗಿಡುವಾಗ ಒದ್ದೆ ಸೀರೆ ಅಂಚಿಗೆ ಸಿಕ್ಕಿಕೊಂಡು ಜಾರಿದರು. ಬೀಳಲಿಲ್ಲ, ಹಿಡಿದುಕೊಂಡೆ. ಆಮೇಲೆ ನಾಲ್ಕು ದಿನ ಬರೀ ಮೈ ಒರೆಸಿಕೊಂಡರು. ಅದಕ್ಕೇ ಹೇಳ್ತಿದ್ದೇನೆ: ರೂಮಿನ ವಿವರದಲ್ಲಿ ‘ಬೆನ್ವಾರ್’ ಅಂತಿದ್ದರೆ ಟಬ್, ‘ದೂಶ್’ ಅಂತಿದ್ದರೆ ಶವರ್. ಅಂಚಿಲ್ಲದೆ ನೆಲಮಟ್ಟದಲ್ಲೇ ಇರುವ ಶವರನ್ನು ಅವರು ‘ಇಟಲಿ ದೂಶ್’ ಅಂತಾರೆ. ಅಪ್ಪ ಅಮ್ಮನ ರೂಮಿಗೆ ಅದೇ ಬೇಕು ಅಂತ ಇಮೇಲ್ ಹಾಕಿ, ಉತ್ತರ ಬರಹದಲ್ಲಿ ಬಂದ ಮೇಲೇ ಖಚಿತ ಮಾಡಿ. ಇಂಗ್ಲಿಷಿನಲ್ಲಿ ಬರೆದರೆ ಸಾಕು. ಬಕೆಟ್ಟು, ಮಗ್ಗು ಇರುವುದಿಲ್ಲ, ಟಾಯ್ಲೆಟ್ಟಿನಲ್ಲಿ ನೀರಿನ ಪೈಪೂ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಚೊಂಬು ಸೂಟ್‌ಕೇಸಿನಲ್ಲಿ ಇಟ್ಟುಬಿಡಿ.

ಎರಡನೆಯದು ಲಿಫ್ಟು. ‘ಇದೆ’ ಅಂದರೆ ಸಾಲದು, ‘ರಸ್ತೆ ಬಾಗಿಲಿನಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲಿದೆ’ ಅಂತ ಕೇಳಿ. ಹಳೇ ಕಟ್ಟಡಗಳಲ್ಲಿ ಆಮೇಲೆ ಕೂರಿಸಿದ ಲಿಫ್ಟುಗಳು ಇಬ್ಬರು ನಿಂತರೆ ತುಂಬಿಹೋಗುವಷ್ಟು ಸಣ್ಣವು. ಪರವಾಗಿಲ್ಲ, ಸೂಟ್‌ಕೇಸು ಒಂದು ಸಲ, ಜನ ಒಂದು ಸಲ. ಮೂರನೆಯದು ‘ಕೋತೆ ಕೂರ್’, ಅಂದರೆ ಒಳಅಂಗಳದ ಕಡೆಯ ರೂಮು. ಕಿಟಕಿಯಿಂದ ಗೋಡೆ ಬಿಟ್ಟರೆ ಏನೂ ಕಾಣದಿದ್ದರೂ ನಿದ್ದೆ ಚೆನ್ನಾಗಿ ಬರುತ್ತೆ, ಎಷ್ಟೋ ಕಡೆ ಬೆಲೆಯೂ ಕಡಿಮೆ. ಇನ್ನು ಹಾಸಿಗೆ: ಫ್ರಾನ್ಸಿನಲ್ಲಿ ಡಬಲ್ ಅಂದರೆ ಬಹಳ ಕಡೆ 140 ಸೆಂಟಿಮೀಟರ್ ಅಗಲ ಅಷ್ಟೇ. ನಡುರಾತ್ರಿ ಎದ್ದು ಓಡಾಡುವ ಹಿರಿಯರಿಗೆ ಎರಡು ಬೇರೆ ಬೇರೆ ಮಂಚ ಇರುವ ಟ್ವಿನ್ ರೂಮೇ ವಾಸಿ. ಎಸಿ ಅಕ್ಟೋಬರ್‌ನಲ್ಲಿ ಅಷ್ಟು ಬೇಕಾಗಲ್ಲ. ಜುಲೈ, ಆಗಸ್ಟ್‌ನಲ್ಲಿ ಹೋಗುವವರು ಇದನ್ನು ಓದುತ್ತಿದ್ದರೆ, ಎಸಿ ಇಲ್ಲದ ರೂಮು ಎಷ್ಟೇ ಅಗ್ಗವಾದರೂ ಬೇಡ.

ದುಡ್ಡಿನ ಲೆಕ್ಕದಲ್ಲಿ ಎರಡು ಮೂರು ಕಡೆ ಹುಷಾರಾಗಿರಿ. ವೆಬ್‌ಸೈಟಿನಲ್ಲಿ ಕಾಣುವ ಬೆಲೆಯ ಮೇಲೆ ಪ್ರವಾಸಿ ತೆರಿಗೆ ಅಂತ ಒಂದಿದೆ. ದೊಡ್ಡವರಿಗೆ ತಲೆಗಿಷ್ಟು, ರಾತ್ರಿಗಿಷ್ಟು. ಹೋಟೆಲಿನ ಸ್ಟಾರ್ ಹೆಚ್ಚಿದಷ್ಟೂ ಅದೂ ಹೆಚ್ಚು, ಹದಿನೆಂಟು ತುಂಬದವರಿಗೆ ಇಲ್ಲ. ನೀವು ನಾಲ್ಕು ದೊಡ್ಡವರು, ಐದು ರಾತ್ರಿ, ಅಂದರೆ ಇಪ್ಪತ್ತು ಸಲ ಆ ತೆರಿಗೆ. ಬೆಲೆ ಹೋಲಿಸುವಾಗ ಅದನ್ನೂ ಸೇರಿಸಿ ನೋಡಿ. ಬೆಳಗಿನ ತಿಂಡಿ ಸೇರಿಸಿಕೊಳ್ಳಬೇಡಿ. ಬ್ರೆಡ್ಡು, ಕ್ರೊಸಾಂ, ಕಾಫಿ ಬೀದಿ ತುದಿಯ ಬೇಕರಿಯಲ್ಲಿ ತುಂಬಾ ಕಡಿಮೆಗೆ ಸಿಗುತ್ತೆ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಕೊಳ್ಳುವ ಅಗತ್ಯವಿಲ್ಲ.

ವೀಸಾಗೆ ಹೋಟೆಲ್ ಬುಕಿಂಗ್ ತೋರಿಸಬೇಕಾಗುತ್ತೆ. ಹಾಗಂತ ವೀಸಾ ಕೈಗೆ ಬರುವ ಮೊದಲು, ರದ್ದು ಮಾಡಿದರೆ ಹಣ ವಾಪಸ್ ಬಾರದ ಅಗ್ಗದ ದರಕ್ಕೆ ಕೈ ಹಾಕಬೇಡಿ. ಸ್ವಲ್ಪ ಹೆಚ್ಚಾದರೂ ಉಚಿತವಾಗಿ ರದ್ದು ಮಾಡಬಹುದಾದ ದರವನ್ನೇ ತಗೊಳ್ಳಿ. ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೂ ಅರ್ಜಿ ಹಾಕಬಹುದು, ಬೇಗ ಹಾಕಿ.

ನಿಮ್ಮ ದಸರಾ ರಜೆ ನೀಸ್‌ಗೆ ಹೇಳಿ ಮಾಡಿಸಿದ ಕಾಲ. ಬೇಸಿಗೆಯ ಜನಜಂಗುಳಿ ಮುಗಿದಿರುತ್ತೆ, ಸಮುದ್ರದ ನೀರು ಇನ್ನೂ ಪೂರ್ತಿ ತಣ್ಣಗಾಗಿರಲ್ಲ, ಬೆಲೆ ಇಳಿದಿರುತ್ತೆ. ಆದರೆ ಸೆಪ್ಟೆಂಬರ್ ಕೊನೆಗೆ ಪಕ್ಕದ ಮೊನಾಕೊದಲ್ಲಿ ಯಾಟ್ ಶೋ, ಅಂದರೆ ಐಷಾರಾಮಿ ದೋಣಿಗಳ ಪ್ರದರ್ಶನ ನಡೆಯುತ್ತೆ, ಆ ದಿನಗಳಲ್ಲಿ ನೀಸ್‌ನಲ್ಲೂ ರೂಮು ದುಬಾರಿ. ತಾರೀಕು ನೋಡಿಕೊಂಡು ಆಚೀಚೆ ಮಾಡಿಕೊಳ್ಳಿ. ಫೆಬ್ರವರಿಯ ಕಾರ್ನಿವಲ್, ಮೇ ತಿಂಗಳ ಕಾನ್ ಚಿತ್ರೋತ್ಸವದ ಸಮಯದಲ್ಲೂ ಇದೇ ಕಥೆ. ಅಕ್ಟೋಬರ್‌ನಲ್ಲಿ ಒಮ್ಮೊಮ್ಮೆ ಜೋರು ಮಳೆ ಬರುತ್ತೆ, ಕೊಡೆ ಇರಲಿ.

ದಂಡೆಯಲ್ಲಿ ಮರಳಿಲ್ಲ, ನುಣುಪಾದ ದೊಡ್ಡ ದೊಡ್ಡ ಬೆಣಚುಕಲ್ಲು. ಬರಿಗಾಲಲ್ಲಿ ನಡೆಯೋಕಾಗಲ್ಲ, ಮಗಳಿಗೆ ನೀರಿನಲ್ಲಿ ಹಾಕುವ ರಬ್ಬರ್ ಚಪ್ಪಲಿ ಕೊಡಿಸಿ. ಮರಳಿನಲ್ಲಿ ಆಡಬೇಕು ಅಂದರೆ ರೈಲು ಹತ್ತಿ, ಹತ್ತು ನಿಮಿಷದೊಳಗೆ ವಿಲ್‌ಫ್ರಾಂಶ್ ಬರುತ್ತೆ, ದಂಡೆ ಸ್ಟೇಷನ್ನಿನ ಕೆಳಗೇ ಇದೆ. ಅದೇ ರೈಲು ಮುಂದೆ ಮೊನಾಕೊ, ಇಟಲಿ ಗಡಿಯ ನಿಂಬೆಹಣ್ಣಿನ ಊರು ಮಾಂತೋಂಗೂ ಹೋಗುತ್ತೆ. ಹಾಗಾಗಿ ಐದು ರಾತ್ರಿಯೂ ಒಂದೇ ಹೋಟೆಲ್, ಊರೂರಿಗೆ ಗಂಟುಮೂಟೆ ಕಟ್ಟಬೇಡಿ. ಕೋಟೆ ಗುಡ್ಡಕ್ಕೆ ಸಮುದ್ರದ ಬದಿಯಿಂದ ಉಚಿತ ಲಿಫ್ಟ್ ಇದೆ. ಕೋಟೆಯನ್ನು 1706ರಲ್ಲೇ ಕೆಡವಿಸಿದರು, ಈಗಿರುವುದು ಉದ್ಯಾನ ಮತ್ತು ಇಡೀ ಊರಿನ ನೋಟ. ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿಂದ ಫಿರಂಗಿಯಂಥ ಸದ್ದು ಹೊಡೆಯುತ್ತೆ, ಅಪ್ಪ ಅಮ್ಮನಿಗೆ ಮೊದಲೇ ಹೇಳಿಡಿ.

ಊಟಕ್ಕೆ ಹೆದರಬೇಡಿ. ಹಳೇ ಊರಿನಲ್ಲಿ ‘ಸೊಕ್ಕಾ’ ಅಂತ ಮಾಡ್ತಾರೆ: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ, ಗಾಡಿ ಚಕ್ರದಷ್ಟಗಲದ ತಟ್ಟೆಯಲ್ಲಿ ಹೊಯ್ದು, ಸೌದೆ ಒಲೆಯೊಳಗೆ ತಳ್ಳುತ್ತಾರೆ. ಅಂಚು ಕರಿದು ಗರಿಗರಿ, ನಡುವೆ ಮೆತ್ತಗೆ. ಕೆರೆದು ಚೂರು ಮಾಡಿ, ಕಾಳುಮೆಣಸಿನ ಪುಡಿ ಉದುರಿಸಿ ಕಾಗದದಲ್ಲಿ ಕೊಡ್ತಾರೆ. ಅಮ್ಮ ಒಂದು ತುಣುಕು ಬಾಯಿಗಿಟ್ಟು ‘ಇದು ನಮ್ಮ ಕಡಲೆಹಿಟ್ಟಿನ ದೋಸೆನೇ ಕಣೇ’ ಅಂದರು. ಕುಂಬಳದ ಜಾತಿಯ ಹೂವಿನ ಬಜ್ಜಿಯೂ ಸಿಗುತ್ತೆ, ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತ ಕೇಳಿಕೊಳ್ಳಿ. ಈರುಳ್ಳಿ ಹಾಸಿದ ಪಿಸಲಾದ್ಯೇರ್ ನೋಡೋಕೆ ಶುದ್ಧ ಸಸ್ಯಾಹಾರದ ಹಾಗಿದ್ದರೂ ಅದರಲ್ಲಿ ಆಂಚೊವಿ ಮೀನಿರುತ್ತೆ. ನೀಸ್ ಸಲಾಡ್‌ನಲ್ಲೂ ಮೀನು. ತರಕಾರಿಯೊಳಗೆ ತುಂಬಿಸಿದ ‘ಫಾರ್ಸಿ’ಗಳಲ್ಲಿ ಸಾಮಾನ್ಯವಾಗಿ ಮಾಂಸ.

ಎರಡನೇ ಸಲ ನಾವು ಉಳಿದದ್ದು ಸಂಗೀತಗಾರರ ಬಡಾವಣೆಯ ಒಂದು ಸಾಧಾರಣ ಅಪಾರ್ಟ್-ಹೋಟೆಲ್. ಅಂಗಳದ ಕಡೆಯ ರೂಮು, ನೆಲಮಟ್ಟದ ಶವರ್, ಇಬ್ಬರ ಲಿಫ್ಟು. ಮೂರನೇ ದಿನ ನಾನು ಏಳುವ ಹೊತ್ತಿಗೆ ಅಪ್ಪ ಅಮ್ಮ ರೂಮಿನಲ್ಲಿರಲಿಲ್ಲ. ಫೋನ್ ಮಾಡಿದರೆ, ಟ್ರಾಮ್ ಹತ್ತಿ ಮಸೇನಾದಲ್ಲಿ ಇಳಿದು ಇಬ್ಬರೇ ಸಮುದ್ರದ ಹತ್ತಿರ ಹೋಗಿ ನೀಲಿ ಕುರ್ಚಿಯಲ್ಲಿ ಕೂತಿದ್ದರು. ‘ಬರುವಾಗ ಫ್ಲಾಸ್ಕಿನಲ್ಲಿ ಕಾಫಿ ತಗೊಂಡು ಬಾ’ ಅಂದರು ಅಮ್ಮ.

ನಿಮ್ಮ ತಾರೀಕು ಗೊತ್ತಾದ ಮೇಲೆ, ನೋಡಿಟ್ಟ ಎರಡು ಮೂರು ಹೋಟೆಲ್‌ಗಳ ಬೀದಿ ಹೆಸರು ಇಲ್ಲಿ ಹಾಕಿ. ಅಲ್ಲಿ ಏರು ಇದೆಯಾ, ಟ್ರಾಮ್ ಎಷ್ಟು ದೂರ ಅನ್ನೋದನ್ನು ನೋಡಿ ಹೇಳ್ತೀನಿ.